ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು

ಕಾಯಿಲೆ ಬಿದ್ದ ಗೋಲ್ಡ್‌ಫಿಶ್ ತಂದುಕೊಡುವವರು ಬಾಗಿಲಲ್ಲಿ ನಿಂತು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು." ಕೈಯಲ್ಲಿ ಹಾರ್ಲಿಕ್ಸ್ ಬಾಟಲಿಯೋ, ಮುಚ್ಚಳವಿಲ್ಲದ ಸ್ಟೀಲ್ ಡಬ್ಬಿಯೋ, ಗಂಟು ಹಾಕಿದ ಪ್ಲಾಸ್ಟಿಕ್ ಕವರೋ ಇರುತ್ತದೆ. ಒಳಗೆ ಒಂದು ಮೀನು, ತಳ ಹಿಡಿದು ಕೂತಿರುತ್ತದೆ, ಇಲ್ಲವೇ ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ಅದು ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು, ಕಾಳು ಹಾಕಿದರೆ ಓಡಿ ಬರುತ್ತಿತ್ತು. ಓಡಿ ಬರುವುದು ಆರೋಗ್ಯದ ಲಕ್ಷಣ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಗೋಲ್ಡ್‌ಫಿಶ್ ವಿಷಯದಲ್ಲಿ ಅದು ಹಸಿವಿನ ಲಕ್ಷಣ ಅಷ್ಟೇ. ಅದಕ್ಕೆ ಹೊಟ್ಟೆ, ಅಂದರೆ ಜಠರ, ಇಲ್ಲವೇ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಹಾಗಾಗಿ ಯಾವಾಗ ಕೊಟ್ಟರೂ ತಿನ್ನುತ್ತದೆ, ಮೈಯಲ್ಲಿ ಹುಣ್ಣಿದ್ದರೂ ತಿನ್ನುತ್ತದೆ.

ಎಲ್ಲಿಂದ ಬರುತ್ತವೆ ಇವು? ಮಕ್ಕಳ ಬರ್ತ್‌ಡೇಗೆ ರಿಟರ್ನ್ ಗಿಫ್ಟ್ ಆಗಿ ಕೊಟ್ಟವು. ವಾಸ್ತುವಿಗೆಂದು ಈಶಾನ್ಯ ಮೂಲೆಯಲ್ಲಿ ಇಟ್ಟು, ಬಾಡಿಗೆ ಮನೆ ಬದಲಾಯಿಸುವಾಗ ಮಾಲೀಕರ ಪಾಲಿಗೆ ಬಿಟ್ಟುಹೋದವು. ಮುಚ್ಚಿಹೋದ ಆಫೀಸಿನ ರಿಸೆಪ್ಷನ್‌ನಲ್ಲಿ ಸೆಕ್ಯುರಿಟಿ ಅಣ್ಣ ಬಿಸ್ಕತ್ತು ಪುಡಿ ಹಾಕಿ ಉಳಿಸಿದವು. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಮ್ಮೆ "ಮೀನಿಗೆ ಹುಷಾರಿಲ್ಲದಿದ್ದರೆ ಮೂರನೇ ಕ್ರಾಸಿನ ಅಕ್ಕನ ಹತ್ತಿರ ಕೊಡಿ" ಅಂತ ಬರೆದರು. ಆಮೇಲೆ ನಿಲ್ಲಲಿಲ್ಲ.

ನಾಯಿಯನ್ನು ತಂದವರು ಅದರ ವಯಸ್ಸು, ಲಸಿಕೆ, ಊಟ ಎಲ್ಲ ಹೇಳುತ್ತಾರೆ. ಮೀನಿನ ಬಗ್ಗೆ ಕೇಳಿದರೆ ಬಣ್ಣ ಹೇಳುತ್ತಾರೆ. ಆದ್ದರಿಂದ ನಾನು ಮೀನಿನ ಬಗ್ಗೆ ಕೇಳುವುದನ್ನು ಬಿಟ್ಟು ಮನೆಯ ಬಗ್ಗೆ ಕೇಳುತ್ತೇನೆ. ಕಾವೇರಿ ನೀರೋ ಬೋರ್‌ವೆಲ್ಲೋ? ಟ್ಯಾಂಕರ್ ಹಾಕಿಸಿದ್ದು ಯಾವಾಗ? ಬೌಲ್ ತೊಳೆಯುವುದು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಹೆಮ್ಮೆಯಿಂದ ಬರುತ್ತದೆ: "ನಿನ್ನೆ ತಾನೇ ಫುಲ್ ಕ್ಲೀನ್ ಮಾಡಿದ್ವಿ ಅಕ್ಕ, ಕಲ್ಲು, ಗಿಡ ಎಲ್ಲಾ ಉಜ್ಜಿ." ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿಯುತ್ತದೆ.

ಗೋಲ್ಡ್‌ಫಿಶ್ ನಮ್ಮ ಕಟ್ಲಾ, ರೋಹುಗಳ ದೂರದ ಸಂಬಂಧಿ, ಗೆಂಡೆ ಮೀನಿನ ಕುಟುಂಬದ್ದು. ಸಾವಿರ ವರ್ಷಕ್ಕೂ ಹಿಂದೆ ಚೀನಾದ ಕೊಳಗಳಲ್ಲಿ ಬಣ್ಣಕ್ಕಾಗಿ ಆರಿಸಿ ಸಾಕಿದ ಮೀನು. ಇದರ ಗಟ್ಟಿತನ ನಂಬಲು ಕಷ್ಟವಾಗುವಂಥದ್ದು. ನೀರಿನಲ್ಲಿ ಆಮ್ಲಜನಕವೇ ಇಲ್ಲದಿದ್ದರೂ ಇದು ಬದುಕುತ್ತದೆ, ತಣ್ಣನೆಯ ನೀರಾದರೆ ದಿನಗಟ್ಟಲೆ. ಆಮ್ಲಜನಕವಿಲ್ಲದಾಗ ದೇಹದಲ್ಲಿ ಶೇಖರವಾಗುವ ಲ್ಯಾಕ್ಟಿಕ್ ಆಮ್ಲವನ್ನು ಇದು ಆಲ್ಕೋಹಾಲ್ ಆಗಿ ಬದಲಾಯಿಸಿ ಕಿವಿರಿನ ಮೂಲಕ ಹೊರಹಾಕುತ್ತದೆ. ಇದನ್ನು ಮಾಡುವ ಕಿಣ್ವ ಯಾವುದು, ಹೇಗೆ ಬಂತು ಎಂಬುದನ್ನು 2017ರಲ್ಲಿ ಓಸ್ಲೋ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ಸಂಶೋಧಕರು ವಿವರಿಸಿದರು. ಮಂಜುಗಡ್ಡೆ ಮುಚ್ಚಿದ ಕೆರೆಯಲ್ಲಿ ಚಳಿಗಾಲ ಕಳೆಯಲು ಇದರ ವಂಶಕ್ಕೆ ಸಿಕ್ಕ ಉಪಾಯ ಅದು. ಈಗ ಅದೇ ಉಪಾಯ ಎರಡು ಲೀಟರ್ ಗಾಜಿನ ಬೌಲಿನಲ್ಲಿ ಖರ್ಚಾಗುತ್ತಿದೆ. ಬೇಗ ಸಾಯುವ ಮೀನಾಗಿದ್ದರೆ ಜನ ಬೌಲಿನಲ್ಲಿ ಇಡುವುದನ್ನು ಎಂದೋ ಬಿಡುತ್ತಿದ್ದರು. ಇದು ತಿಂಗಳುಗಟ್ಟಲೆ ಸಹಿಸಿಕೊಂಡು ಕೂರುತ್ತದೆ. ಬ್ರಿಟನ್ನಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ ಸತ್ತದ್ದು 1999ರಲ್ಲಿ, ತನ್ನ 43ನೇ ವಯಸ್ಸಿನಲ್ಲಿ. ಇದನ್ನು ಹೇಳಿದರೆ ಎದುರಿಗಿದ್ದವರು ನಗುತ್ತಾರೆ. ಅವರ ಲೆಕ್ಕದಲ್ಲಿ ಗೋಲ್ಡ್‌ಫಿಶ್ ಆಯುಸ್ಸು ಆರು ತಿಂಗಳು.

ಹಾಗಾಗಿ ಮೀನು ಬಂದ ಕೂಡಲೇ ನಾನು ಮೀನನ್ನು ಮುಟ್ಟುವುದಿಲ್ಲ. ಅದು ಬಂದ ನೀರನ್ನು ಟೆಸ್ಟ್ ಕಿಟ್‌ನ ಪುಟ್ಟ ಗಾಜಿನ ನಳಿಕೆಗಳಿಗೆ ಹಾಕುತ್ತೇನೆ. ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಳತೆ, 7ಕ್ಕಿಂತ ಇಳಿದಷ್ಟೂ ಹೆಚ್ಚು ಆಮ್ಲೀಯ). ಅಮೋನಿಯಾ ಇಲ್ಲದಿದ್ದರೆ ಹಳದಿ. ಬೌಲಿನ ನೀರು ಸಾಮಾನ್ಯವಾಗಿ ಕೊತ್ತಂಬರಿ ಚಟ್ನಿಯ ಹಸಿರಿಗೆ ತಿರುಗುತ್ತದೆ. ಮೀನು ಈ ಅಮೋನಿಯಾವನ್ನು ಮುಖ್ಯವಾಗಿ ಕಿವಿರಿನಿಂದಲೇ ಬಿಡುತ್ತದೆ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ, ಸ್ಪಾಂಜಿನ ಒಳಗೆ ವಾಸವಾಗಿರುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. "ಫುಲ್ ಕ್ಲೀನ್" ಎಂದರೆ ಅವನ್ನು ನಲ್ಲಿ ನೀರಿನ ಕ್ಲೋರಿನ್‌ನಲ್ಲಿ ಉಜ್ಜಿ ಮೋರಿಗೆ ಬಿಡುವುದು.

ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ವಿಷ, ಇನ್ನೊಂದು ಅಷ್ಟೇನೂ ಅಲ್ಲ. ಯಾವುದು ಎಷ್ಟು ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇಕಡಾ 5ರ ಆಸುಪಾಸು. ಹಳೆಯ ಬೌಲಿನ ನೀರು ದಿನ ಕಳೆದಂತೆ ಆಮ್ಲೀಯವಾಗಿ, ಅಮೋನಿಯಾ ಎಷ್ಟಿದ್ದರೂ ಮೀನು ಹೇಗೋ ತಡೆದುಕೊಂಡಿರುತ್ತದೆ. ಪಾಪ, ಕರುಣೆ ಬಂದವರು ಯಾರೋ ಒಂದಿಷ್ಟು ಗಡಸು ಬೋರ್ ನೀರನ್ನು ಅದಕ್ಕೆ ಸುರಿಯುತ್ತಾರೆ. ಪಿಎಚ್ ಏರುತ್ತದೆ, ಇದ್ದ ಅಮೋನಿಯಾವೇ ಹಲವು ಪಟ್ಟು ವಿಷವಾಗುತ್ತದೆ, ಬೆಳಿಗ್ಗೆ ಮೀನು ಅಡ್ಡ ಬಿದ್ದಿರುತ್ತದೆ. ನಿನ್ನೆಯವರೆಗೆ ಚೆನ್ನಾಗಿತ್ತು ಎನ್ನುವ ಮಾತಿನ ಹಿಂದಿನ ರಸಾಯನಶಾಸ್ತ್ರ ಬಹಳ ಸಲ ಇಷ್ಟೇ.

ಒಂದು ಮೀನಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಷನ್ ಮೇಜಿನಿಂದ ಬಂದ ಒರಾಂಡಾ ತಳಿಯ ಗೋಲ್ಡ್‌ಫಿಶ್, ಬಿಳಿ ಮೈ, ತಲೆಯ ಮೇಲೆ ಕಿತ್ತಳೆ ಬಣ್ಣದ ಗಂಟುಗಂಟಾದ ಟೋಪಿ. ತಂದವಳು ಅಲ್ಲಿ ಫೋನ್ ಎತ್ತುವ ಹುಡುಗಿ. ಡಾಕ್ಟರು "ಬಿಸಾಕು" ಅಂದಿದ್ದರಂತೆ, ಅವಳಿಗೆ ಮನಸ್ಸಾಗಲಿಲ್ಲ. ಬಂದ ನೀರಿನಲ್ಲಿ ಅಮೋನಿಯಾ ಕಡುಹಸಿರು, ಪಿಎಚ್ 6ರ ಹತ್ತಿರ. ಅದೇ ನೀರಿಗೆ ಹೊಸ ನೀರು ಸುರಿಯದೆ, ಪಿಎಚ್ ಹತ್ತಿರತ್ತಿರ ಇರುವಂತೆ ಹೊಂದಿಸಿದ, ಕ್ಲೋರಿನ್ ಹೋದ ನೀರಿನ ದೊಡ್ಡ ಟಬ್ಬಿಗೆ ಮೀನನ್ನು ಮಾತ್ರ ಸಾಗಿಸಿದೆ. ಮುಂದಿನ ದಿನಗಳಲ್ಲಿ ಸ್ವಲ್ಪಸ್ವಲ್ಪವೇ ನಮ್ಮ ಮಾಮೂಲಿ ನೀರಿಗೆ ಒಗ್ಗಿಸುವುದು. ಓಡುತ್ತಿರುವ ಇನ್ನೊಂದು ಟ್ಯಾಂಕಿನಿಂದ ಕೊಳಕಾದ ಸ್ಪಾಂಜ್ ಫಿಲ್ಟರ್ ತಂದು ಇಳಿಬಿಟ್ಟೆ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ನುಗ್ಗದಂತೆ ತಡೆಯುತ್ತದೆ. ನೈಟ್ರೈಟ್ ಒಳಗೆ ಹೋದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದಂತಾಗುತ್ತದೆ. ಊಟ ಇಲ್ಲ. ಬೆಳಕೂ ಕಡಿಮೆ.

ಆಮೇಲೆ ನೋಡುವುದು. ಇದಕ್ಕೆ ನನ್ನ ಹತ್ತಿರ ಇರುವ ಉಪಕರಣ ಕೂರಲು ಒಂದು ಮೋಡಾ ಮತ್ತು ಫೋನಿನ ಟಾರ್ಚು. ಒರಾಂಡಾ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿತ್ತು. ಬಾಲದ ತುಂಬ ಕೆಂಪು ದಾರದೆಳೆಗಳು. ಪಕ್ಕದಿಂದ ಟಾರ್ಚ್ ಹಿಡಿದರೆ ಮೈಮೇಲೆ ಮಸುಕಾದ ಲೋಳೆಯ ಪದರ, ಒಂದೆರಡು ಕಡೆ ಅದು ಕಿತ್ತುಬಂದು ನೇತಾಡುತ್ತಿತ್ತು. ಇವೆಲ್ಲ ಕೆಟ್ಟ ನೀರಿನಿಂದಲೇ ಆಗಬಹುದಾದವು. ಆದರೆ ಇನ್ನೊಂದನ್ನು ಗಮನಿಸಲು ಬಹಳ ಹೊತ್ತು ಕೂರಬೇಕಾಯಿತು: ಬಲಗಡೆಯ ಕಿವಿರಿನ ಮುಚ್ಚಳ ಆಡುತ್ತಿತ್ತು, ಎಡಗಡೆಯದು ಬಿಗಿಯಾಗಿ ಮುಚ್ಚಿಯೇ ಇತ್ತು. ಆಗಾಗ ಮೀನು ಓರೆಯಾಗಿ ಟಬ್ಬಿನ ತಳಕ್ಕೆ ಕೆನ್ನೆ ಉಜ್ಜುತ್ತಿತ್ತು.

ನೀರು ಸರಿಯಾಗುತ್ತಿದ್ದಂತೆ ಬಾಲದ ಕೆಂಪು ಇಳಿಯಿತು. ಅದರ ಬದಲು ರೆಕ್ಕೆಗಳ ಅಂಚಿನಲ್ಲಿ, ಕೆನ್ನೆಯ ಮೇಲೆ ಕಪ್ಪು ಮಸಿ ಬಳಿದಂತೆ ಕಾಣಿಸಿಕೊಂಡಿತು. ಫೋಟೋ ಕಳಿಸಿದ್ದಕ್ಕೆ ಹುಡುಗಿಯ ವಾಯ್ಸ್ ಮೆಸೇಜ್ ಬಂತು: "ಅಕ್ಕಾ, ಕಪ್ಪಾಗ್ತಿದೆಯಲ್ಲಾ, ಹೋಗ್ಬಿಡುತ್ತಾ?" ಇಲ್ಲ. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಅಲ್ಲಿಗೆ ಕಪ್ಪು ವರ್ಣಕೋಶಗಳು ಬಂದು ಸೇರುತ್ತವೆ. ಅದು ವಾಸಿಯಾಗುತ್ತಿರುವ ಗುರುತು, ವಾರಗಳಲ್ಲಿ ತಾನಾಗಿ ಮಾಸುತ್ತದೆ. ಇದೇ ಕಪ್ಪನ್ನು ಫಂಗಸ್ ಎಂದು ತಿಳಿದು ಔಷಧಿ ಸುರಿದವರ ಮೀನುಗಳೂ ನನ್ನ ಹತ್ತಿರ ಬಂದಿವೆ.

ಮುಚ್ಚಿದ ಕಿವಿರು ಮಾತ್ರ ಹಾಗೆಯೇ ಉಳಿಯಿತು. ಹಾಗಾಗಿ ಕಾಲೇಜು ಹುಡುಗರು ಬಳಸುವ ಅಗ್ಗದ ಸೂಕ್ಷ್ಮದರ್ಶಕ ಹೊರಬಂತು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕಿವಿರಿನ ಹಿಂದಿನ ಲೋಳೆಯನ್ನು ಗಾಜಿನ ಅಂಚಿನಿಂದ ತಲೆಯಿಂದ ಬಾಲದ ದಿಕ್ಕಿಗೆ ಮೆಲ್ಲಗೆ ಸವರಿ, ಟಬ್ಬಿನದೇ ಒಂದು ಹನಿ ನೀರು ಹಾಕಿ ನೋಡುವುದು. ಕಂಡದ್ದು ಕಿವಿರಿನ ಹುಳ, ಡ್ಯಾಕ್ಟೈಲೋಗೈರಸ್. ಮುಂತುದಿಯಲ್ಲಿ ನಾಲ್ಕು ಕಪ್ಪು ಕಣ್ಣುಚುಕ್ಕೆ, ಹಿಂದೆ ಕೊಕ್ಕೆ. ಮೈ ಚಾಚಿ ಕುಗ್ಗಿಸಿ ಏನನ್ನೋ ಹುಡುಕುತ್ತಿರುತ್ತದೆ. ಇದಕ್ಕೆ ಮದ್ದು ಬೇಕೇ ಬೇಕು: ನಾಯಿ ಬೆಕ್ಕುಗಳ ಜಂತುಹುಳದ ಮಾತ್ರೆಗಳಲ್ಲೂ ಇರುವ ಪ್ರಾಜಿಕ್ವಾಂಟೆಲ್. ಹುಳ ಸಾಯುತ್ತದೆ, ಅದರ ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯೊಡೆಯುವುದನ್ನು ಕಾದು ಮತ್ತೆ ಕೊಡಬೇಕು. ಬಹಳ ಜನ ಇಲ್ಲೇ ಸೋಲುತ್ತಾರೆ. ಮೊದಲ ಡೋಸಿಗೆ ಮೀನು ಚುರುಕಾಗುತ್ತದೆ, ಎರಡನೆಯದು ಮರೆತುಹೋಗುತ್ತದೆ.

ಸೂಕ್ಷ್ಮದರ್ಶಕ ಇಲ್ಲದೆ ಎಡವುವ ಇನ್ನೊಂದು ಜಾಗ ಬಿಳಿ ಚುಕ್ಕೆ. ಮೈಮೇಲೆಲ್ಲ ರವೆ ಉದುರಿಸಿದಂತೆ ಇದ್ದರೆ ಅದು ಇಕ್, ಏಕಕೋಶದ ಪರಾವಲಂಬಿ. ಮಸೂರದಡಿ ಅದು ನಿಧಾನವಾಗಿ ಉರುಳುತ್ತಿರುತ್ತದೆ, ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಚರ್ಮದೊಳಗೆ ಕೂತಿರುವಾಗ ಸಾಮಾನ್ಯವಾಗಿ ಔಷಧ ಅದನ್ನು ತಲುಪುವುದಿಲ್ಲ. ಬಲಿತ ಮೇಲೆ ಉದುರಿ ತಳ ಸೇರಿ, ನೂರಾರು ಮರಿಗಳಾಗಿ ಒಡೆದು, ಹೊಸ ಮೀನನ್ನು ಹುಡುಕುತ್ತಾ ಈಜುವ ಒಂದೆರಡು ದಿನದಲ್ಲೇ ಅದನ್ನು ಹಿಡಿಯಬೇಕು. ಚುಕ್ಕೆ ಮಾಯವಾಯಿತು ಎಂದು ಮದ್ದು ನಿಲ್ಲಿಸಿದವರಿಗೆ ವಾರದೊಳಗೆ ಅದು ಹಿಂದಿಗಿಂತ ಹೆಚ್ಚಾಗಿ ಮರಳುವುದು ಇದಕ್ಕೇ. ಆದರೆ ಚುಕ್ಕೆ ಬರೀ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಸಾಲಾಗಿದ್ದರೆ? ಅದು ಪ್ರಾಯಕ್ಕೆ ಬಂದ ಗಂಡು. ಮದ್ದಲ್ಲ, ಹೆಣ್ಣು ಬೇಕಾಗಿದೆ ಅದಕ್ಕೆ. ಹದಿಹರೆಯದ ಮೊಡವೆಗೆ ಆಸ್ಪತ್ರೆ ಸೇರಿಸಿದ ಹಾಗೆ, ಎಷ್ಟೋ ಗಂಡು ಮೀನುಗಳು ಇಕ್‌ಗೆ ಹಾಕುವ ಮ್ಯಾಲಕೈಟ್ ಗ್ರೀನ್ ಕುಡಿದಿವೆ.

ಅಕ್ವೇರಿಯಂ ಅಂಗಡಿಗಳ ಕಪಾಟಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಯಾವ ಕಾಯಿಲೆ ಹೇಳಿದರೂ ಒಂದು ನೀಲಿ ಬಾಟಲಿ, ಒಂದು ಹಳದಿ ಪುಡಿ. "ಇದು ಹಾಕಿ ಮೇಡಂ, ಎಲ್ಲದಕ್ಕೂ ಬರುತ್ತೆ." ನೀಲಿ ಎಂದರೆ ಮೆಥಿಲೀನ್ ಬ್ಲೂ. ಮೊಟ್ಟೆಗೆ ಹತ್ತುವ ಬೂಸ್ಟಿಗೆ ಒಳ್ಳೆಯದು, ನೈಟ್ರೈಟ್ ವಿಷಕ್ಕೂ ಆಗುತ್ತದೆ, ಆದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಆಗಿಬರುವುದಿಲ್ಲ. ಹಳದಿ ಪುಡಿ ಸಾಮಾನ್ಯವಾಗಿ ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್. ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಬೋರ್ ನೀರಿಗೆ ಅದನ್ನು ಸುರಿದರೆ ಮೀನಿಗೆ ಸಿಗುವುದು ಅಷ್ಟಕ್ಕಷ್ಟೇ, ಉಳಿದದ್ದೆಲ್ಲ ಮೋರಿಯ ಬ್ಯಾಕ್ಟೀರಿಯಾಗಳಿಗೆ ತರಬೇತಿ. ಹಾಗಿದ್ದೂ ಜನ ಹಾಕುತ್ತಾರೆ, ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಮೀನು ಒದ್ದಾಡುವುದನ್ನು ನೋಡುತ್ತಾ ಸುಮ್ಮನೆ ಕೂರಲು ಆಗುವುದಿಲ್ಲ. ನೀರು ನೀಲಿಯಾದರೆ ಏನೋ ಮಾಡಿದೆವಲ್ಲ ಎಂಬ ಸಮಾಧಾನ. ಆ ಸಮಾಧಾನ ನಮ್ಮದು, ಮೀನಿನದಲ್ಲ. ಲೋಳೆ ಕಿತ್ತ ಮೈಗೆ, ಸುಟ್ಟ ಕಿವಿರಿಗೆ ಇನ್ನೊಂದು ರಾಸಾಯನಿಕ ಬೇಕಿರುವುದಿಲ್ಲ. ಯಾವುದು ಎಂದು ಗೊತ್ತಾಗುವವರೆಗೆ ಕಾಯುವುದು ನನಗೆ ಈಗಲೂ ಸುಲಭವಲ್ಲ. ಅದಕ್ಕೇ ಔಷಧಿಗಳನ್ನೆಲ್ಲ ಅಟ್ಟದ ಮೇಲೆ ಇಟ್ಟಿದ್ದೇನೆ. ಏಣಿ ತಂದು ಹತ್ತುವಷ್ಟರಲ್ಲಿ ಬೇಕೋ ಬೇಡವೋ ಯೋಚಿಸಲು ಸಮಯ ಸಿಗುತ್ತದೆ.

ಡಾಕ್ಟರಿಗೆ ತೋರಿಸಬಾರದೇ ಅಂತ ಕೇಳುತ್ತಾರೆ. ಊರಿನ ಪಶುವೈದ್ಯರು ನಾಯಿ, ಹಸು ನೋಡುತ್ತಾರೆ, ಗಿಳಿಯನ್ನೂ ನೋಡುವವರಿದ್ದಾರೆ. ಮೀನಿನ ರೋಗ ಬಲ್ಲವರು ನಮ್ಮಲ್ಲಿ ಇಲ್ಲದೆ ಇಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜು ಶುರುವಾದದ್ದು 1969ರಲ್ಲಿ. ಆದರೆ ಅಲ್ಲಿಂದ ಬಂದ ವಿದ್ಯೆಗೆ ಕೆಲಸ ಇರುವುದು ಕೆರೆ, ಕೊಳ, ಸಿಗಡಿ ಹೊಂಡಗಳಲ್ಲಿ. ಸಾವಿರಗಟ್ಟಲೆ ಮೀನಿನ ಲೆಕ್ಕದಲ್ಲಿ ಯೋಚಿಸುವ ವಿದ್ಯೆ ಅದು, ಒಂದು ಮೀನಿನ ಲೆಕ್ಕದಲ್ಲಿ ಅಲ್ಲ. ತಪ್ಪೇನೂ ಇಲ್ಲ, ಸಾಲ ಮಾಡಿ ಮೀನು ಸಾಕುವ ರೈತನಿಗೆ ಅದು ಬೇಕು. ಅವರ ಕೈಪಿಡಿಗಳಿಂದಲೇ ನಾನು ಕಲಿತದ್ದು ಹೆಚ್ಚು. ಮೈಯಿಂದ ಕಡ್ಡಿಯಂತೆ ಹೊರಚಾಚುವ ಲಂಗರು ಹುಳ, ಚಪ್ಪಟೆ ತಟ್ಟೆಯಂತೆ ಅಂಟಿ ರಕ್ತ ಹೀರುವ ಮೀನುಹೇನು ಗೆಂಡೆ ಕೊಳಗಳಲ್ಲಿ ಮಾಮೂಲು, ಅಲ್ಲಿಂದಲೇ ಅಂಗಡಿಗಳ ಗೋಲ್ಡ್‌ಫಿಶ್‌ಗೂ ಬರುತ್ತವೆ.

ನಮ್ಮಮ್ಮನ ವಾದ ನೇರ. "ಐವತ್ತು ರೂಪಾಯಿ ಮೀನಿಗೆ ಎರಡು ಸಾವಿರದ ಡಬ್ಬಿ ತರ್ತೀಯಲ್ಲೇ, ಬುದ್ಧಿ ಇದೆಯಾ?" ಡಬ್ಬಿ ಅಂದರೆ ಟೆಸ್ಟ್ ಕಿಟ್. ವಾದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಏಕೆಂದರೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಒರಾಂಡಾ ಊಟ ಬಿಟ್ಟಿದ್ದ ವಾರ, ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಬೆರಳಲ್ಲಿ ಹಿಸುಕಿ ಹಾಕುತ್ತಿದ್ದವರು ಅವರೇ. ಕೇಳಿದರೆ, "ಉಪ್ಪಿಟ್ಟಿಗೆ ತಂದಿದ್ದು ಮಿಕ್ಕಿತ್ತು."

ಬಟಾಣಿಯ ವಿಷಯ ಬಂದಿದ್ದರಿಂದ ಒಂದು ಮಾತು. ಮೀನು ತಲೆಕೆಳಗಾಗಿ ತೇಲಿದರೆ ಬಟಾಣಿ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಮಲಬದ್ಧತೆಯಿಂದ, ಮೀನನ್ನು ನೀರಿನಲ್ಲಿ ಸಮತೋಲದಲ್ಲಿಡುವ ಗಾಳಿಚೀಲ ಒತ್ತಿಕೊಂಡಿದ್ದರೆ ಅದೂ ಎರಡು ದಿನದ ಉಪವಾಸವೂ ಕೆಲಸ ಮಾಡುತ್ತವೆ. ಆದರೆ ರಯೂಕಿನ್, ಒರಾಂಡಾ, ರಾಂಚುವಿನಂಥ ಉಂಡೆ ಮೈಯ ತಳಿಗಳ ತೇಲುವಿಕೆ ಬಹುಪಾಲು ಅವುಗಳ ದೇಹ ರಚನೆಯಲ್ಲೇ ಇದೆ. ಉದ್ದ ಮೈಯ ಮೀನನ್ನು ತಲೆಮಾರುಗಟ್ಟಲೆ ಆರಿಸುತ್ತಾ ಆರಿಸುತ್ತಾ ಉಂಡೆ ಮಾಡಿದರೆ ಕರುಳು, ಮೂತ್ರಪಿಂಡ, ಗಾಳಿಚೀಲ ಎಲ್ಲ ಅದೇ ಉಂಡೆಯೊಳಗೆ ಮಡಚಿ ಕೂರಬೇಕು. ರಾಂಚುವಿಗೆ ಬೆನ್ನಿನ ರೆಕ್ಕೆಯೇ ಇಲ್ಲ. ಬಬಲ್ ಐ ಎಂಬ ತಳಿಗೆ ಕಣ್ಣಿನ ಕೆಳಗೆ ನೀರು ತುಂಬಿದ ಚೀಲಗಳು, ಚೂಪಾದ ಒಂದು ಕಲ್ಲು ತಾಗಿದರೆ ಒಡೆಯುತ್ತವೆ. ಇವನ್ನು ಚೆಂದ ಎಂದು ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ನಾನು ಕೊಳ್ಳಲಾರೆ. ತೇಲುವುದು ನಿಲ್ಲದ ಮೀನಿಗೆ ಮಾಡಬಹುದಾದದ್ದು ಸಣ್ಣಪುಟ್ಟದ್ದು: ನೀರಿನ ಆಳ ಕಡಿಮೆ ಮಾಡುವುದು, ಮುಳುಗುವ ಕಾಳು ಕೊಡುವುದು, ಗಾಳಿಗೆ ಒಡ್ಡಿಕೊಂಡ ಮೈ ಒಣಗಿ ಹುಣ್ಣಾಗದಂತೆ ನೋಡುವುದು. ನಮ್ಮ ಬಾಲ್ಕನಿಯ ಟಬ್ಬಿನಲ್ಲಿ ಓರೆಯಾಗಿಯೇ ಈಜುವ ಒಂದು ರಯೂಕಿನ್ ಇದೆ. ಅದಕ್ಕೇನೂ ಬೇಸರವಿದ್ದಂತಿಲ್ಲ, ಕಾಳಿಗೆ ಮೊದಲು ಬರುವುದು ಅದೇ.

ಇನ್ನು ಡ್ರಾಪ್ಸಿ. ಮೇಲಿನಿಂದ ನೋಡಿದರೆ ಹುರುಪೆಗಳೆಲ್ಲ ನಿಮಿರಿ ನಿಂತಿರುತ್ತವೆ. ಇದು ಒಂದು ರೋಗದ ಹೆಸರಲ್ಲ, ಮೂತ್ರಪಿಂಡ ಕೈಬಿಟ್ಟಿತು ಎನ್ನುವುದರ ಸೂಚನೆ. ಸಿಹಿನೀರಿನ ಮೀನಿನ ಮೈಯೊಳಗೆ ನೀರು ಸದಾ ಜಿನುಗುತ್ತಲೇ ಇರುತ್ತದೆ, ಮೂತ್ರಪಿಂಡ ಸದಾ ಹೊರಗೆ ಎತ್ತಿಹಾಕುತ್ತಿರುತ್ತದೆ. ಎತ್ತುವುದು ನಿಂತರೆ ಹೊಟ್ಟೆ ಊದಿ, ಹುರುಪೆ ಏಳುತ್ತವೆ. ಮೊದಲ ಒಂದೆರಡು ದಿನದಲ್ಲಿ ಸಿಕ್ಕರೆ ಉಪ್ಪು, ಎಪ್ಸಮ್ ಸಾಲ್ಟ್, ಆಹಾರದಲ್ಲಿ ಆಂಟಿಬಯೋಟಿಕ್ ಅಂತ ಪ್ರಯತ್ನಿಸುತ್ತೇನೆ. ಉಳಿದವು ಕಡಿಮೆ.

ಉಳಿಯುವುದಿಲ್ಲ ಎಂದಾದಾಗ ಏನು ಮಾಡಬೇಕು? ಜನ ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುತ್ತಾರೆ, ಫ್ರೀಜರ್‌ನಲ್ಲಿ ಇಡುತ್ತಾರೆ. ಎರಡೂ ನಿಧಾನದ ಸಾವು. ಮೀನಿಗೆ ನೋವಾಗುವುದಿಲ್ಲ ಎನ್ನುವವರಿಗೆ ನಾನು 2003ರ ಎಡಿನ್‌ಬರೋ ಬಳಿಯ ರಾಸ್ಲಿನ್ ಸಂಸ್ಥೆಯ ಪ್ರಯೋಗ ಹೇಳುತ್ತೇನೆ. ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷ, ಅಸಿಟಿಕ್ ಆಮ್ಲ ಚುಚ್ಚಿದಾಗ ಅವು ಊಟ ಬಿಟ್ಟವು, ಮೈ ತೂಗಿದವು. ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಕಲ್ಲಿಗೆ ಉಜ್ಜಿದವು. ಮಾರ್ಫಿನ್ ಕೊಟ್ಟಾಗ ಈ ವರ್ತನೆ ಕಡಿಮೆಯಾಯಿತು. ನಾನು ಬಳಸುವುದು ಲವಂಗದ ಎಣ್ಣೆ. ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಹಾಕಿ ಹಾಲಿನಂತಾಗುವವರೆಗೆ ಕುಲುಕಿ, ಮೀನಿರುವ ಪಾತ್ರೆಗೆ ಮೊದಲು ಸ್ವಲ್ಪ. ಅದು ಮತ್ತಿಗೆ ಜಾರಿ ಓರೆಯಾದ ಮೇಲೆ ಉಳಿದದ್ದು. ಕಿವಿರಾಟ ನಿಂತ ಮೇಲೂ ಬಹಳ ಹೊತ್ತು ಹಾಗೆಯೇ ಬಿಡಬೇಕು, ಇಲ್ಲದಿದ್ದರೆ ಮತ್ತೆ ಎಚ್ಚರವಾಗಬಹುದು. ಮನೆಯೆಲ್ಲ ಲವಂಗದ ವಾಸನೆ ಬಂದ ದಿನ ಅಮ್ಮ ಪಲಾವ್ ಮಾಡುವುದಿಲ್ಲ.

ವಾಸಿಯಾದವುಗಳಿಗೆ ಮನೆ ಹುಡುಕುವುದು ಕಾಯಿಲೆ ವಾಸಿ ಮಾಡುವುದಕ್ಕಿಂತ ತಲೆನೋವು. "ಸ್ಯಾಂಕಿ ಕೆರೆಗೆ ಬಿಟ್ಟುಬಿಡಿ, ಆರಾಮಾಗಿರುತ್ತೆ, ಪುಣ್ಯ ಬರುತ್ತೆ" ಎಂದು ಸಲಹೆ ಕೊಡುವವರು ಪ್ರತಿ ಬಾರಿ ಒಬ್ಬರಾದರೂ ಸಿಗುತ್ತಾರೆ. ಕಿತ್ತಳೆ ಬಣ್ಣದ, ಮೆಲ್ಲಗೆ ಈಜುವ ಮೀನನ್ನು ಮಿಂಚುಳ್ಳಿಗೆ ಊಟ ಹಾಕಿದ ಪುಣ್ಯ ಇರಬಹುದು. ಉಳಿದುಕೊಂಡರೆ ಅದು ಇನ್ನೂ ಕೆಟ್ಟದು: ತನ್ನ ಹುಳ, ಹೇನುಗಳನ್ನು ಅಲ್ಲಿನ ಮೀನುಗಳಿಗೆ ಹಂಚುತ್ತದೆ, ತಳ ಕೆದಕಿ ನೀರು ಕದಡುತ್ತದೆ. ಅಮೆರಿಕದ ಮಿನ್ನೆಸೋಟಾದ ಬರ್ನ್ಸ್‌ವಿಲ್‌ನಲ್ಲಿ 2021ರಲ್ಲಿ ಕೆರೆಯಿಂದ ಫುಟ್‌ಬಾಲ್ ಗಾತ್ರದ ಗೋಲ್ಡ್‌ಫಿಶ್‌ಗಳನ್ನು ಎತ್ತಿ, ದಯವಿಟ್ಟು ಸಾಕಿದ ಮೀನನ್ನು ಕೆರೆಗೆ ಬಿಡಬೇಡಿ ಎಂದು ಊರಿನ ಆಡಳಿತವೇ ಕೈಮುಗಿಯಬೇಕಾಯಿತು.

ನನ್ನ ಷರತ್ತು ಹೆಚ್ಚೇನಿಲ್ಲ. ಬೌಲ್ ಬೇಡ. ಒಂದು ಮೀನಿಗೆ ಕಡಿಮೆಯೆಂದರೂ 75 ಲೀಟರ್ ಹಿಡಿಯುವ ಟ್ಯಾಂಕೋ ಸಿಮೆಂಟ್ ತೊಟ್ಟಿಯೋ ಇರಬೇಕು. ಬೆಂಗಳೂರಿನ ಹವೆ ಇದಕ್ಕೆ ಹೇಳಿಮಾಡಿಸಿದ್ದು, ಹೀಟರ್ ಬೇಕಿಲ್ಲ. ಮೀನಿನ ಜೊತೆ ಒಂದು ಕೊಳಕು ಸ್ಪಾಂಜ್ ಫಿಲ್ಟರನ್ನೂ ಕೊಡುತ್ತೇನೆ, ನಲ್ಲಿ ಕೆಳಗೆ ತೊಳೆಯಬೇಡಿ ಅಂತ ಹೇಳಿಯೇ ಕೊಡುತ್ತೇನೆ. ಒರಾಂಡಾವನ್ನು ಕೇಳಿಕೊಂಡು ಬಂದವರಲ್ಲಿ ಒಬ್ಬರು ರಿಯಲ್ ಎಸ್ಟೇಟ್ ಆಫೀಸಿನವರು. ಹೊಸದಾಗಿ ಕೊಂಡ, ಒಳಗೆ ಎಲ್‌ಇಡಿ ದೀಪವಿರುವ ಬೌಲನ್ನೇ ತಂದಿದ್ದರು. ಎಪ್ಪತ್ತೈದು ಲೀಟರ್ ಎಂದಾಗ, "ಅಷ್ಟು ಜಾಗ ಇದ್ದಿದ್ರೆ ಒಂದು ಟೇಬಲ್ ಹಾಕಿ ಇನ್ನೊಬ್ಬರನ್ನು ಕೂರಿಸ್ತಿದ್ದೆ ಮೇಡಂ" ಅಂದರು. ಮಾತಲ್ಲಿ ನ್ಯಾಯವಿತ್ತು. ಬೌಲಿಗೆ ಮನಿ ಪ್ಲಾಂಟ್ ಹಾಕಿ ಅಂದೆ. ಒಂದು ಕಡ್ಡಿ ಮುರಿದು ಅಮ್ಮನೇ ಕೊಟ್ಟರು. ಒರಾಂಡಾ ಕೊನೆಗೆ ಹೋದದ್ದು ಕ್ಲಿನಿಕ್ಕಿನ ಅದೇ ಹುಡುಗಿಯ ಮನೆಗೆ, ಕಾಮಾಕ್ಷಿಪಾಳ್ಯದಲ್ಲಿ ಅವರ ಅಜ್ಜಿ ಬಟ್ಟೆ ನೆನೆಹಾಕುತ್ತಿದ್ದ ಹಳೆಯ ಸಿಮೆಂಟ್ ತೊಟ್ಟಿಗೆ. ಸೋಪಿನ ಅಂಶ ಹೋಗುವವರೆಗೆ ಅದನ್ನು ತೊಳೆದು, ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ, ಅಜ್ಜಿಗೆ ಸಾಕುಸಾಕಾಗಿತ್ತಂತೆ. ಬಟ್ಟೆ ನೆನೆಸಲು ಈಗ ಬೇರೆ ಬಕೆಟ್ ತಂದಿದ್ದಾರೆ.